ಮನೆಯಲ್ಲೇ ಬರೆದ ಸ್ಕರ್ಟಿನ ಪೇಪರ್ ಕಟಿಂಗ್: ಸುಕ್ಕು ನೋಡಿ ದೋಷ ಹಿಡಿಯುವುದು

ಅಳತೆ ತೆಗೆದು, ಬ್ರೌನ್ ಪೇಪರ್ ಮೇಲೆ ಗೆರೆ ಹಾಕಿ, ಕತ್ತರಿಸಿ ಹೊಲಿದ ಸ್ಕರ್ಟು ಮೈಮೇಲೆ ಸರಿಯಾಗಿ ಕೂರದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಪಕ್ಕದ ಹೊಲಿಗೆಗೆ. ಬಿಗಿಯಾಯಿತೆಂದು ಬಿಚ್ಚುತ್ತಾರೆ, ಸಡಿಲಾಯಿತೆಂದು ಒಳಗೆ ಹಿಡಿಯುತ್ತಾರೆ. ಪಾಪ, ಪಕ್ಕದ ಹೊಲಿಗೆಯದು ಅಷ್ಟು ತಪ್ಪಿರುವುದಿಲ್ಲ. ಹೆಚ್ಚಿನ ದೋಷಗಳು ಸೊಂಟದ ಗೆರೆ ಮತ್ತು ಸೀಟಿನ ಗೆರೆ (ಪೃಷ್ಠ ಅತಿ ದಪ್ಪವಿರುವ ಕಡೆ ಸುತ್ತ ಬರುವ ಗೆರೆ), ಇವೆರಡರ ನಡುವಿನ ಎಂಟು ಇಂಚಿನಲ್ಲೇ ಹುಟ್ಟುತ್ತವೆ. ಅಲ್ಲಿ ಬಟ್ಟೆ ಯಾವ ದಿಕ್ಕಿಗೆ ಸುಕ್ಕಾಗಿದೆ ಎಂದು ಓದಲು ಬಂದರೆ ಯಾವ ಗೆರೆ ತಿದ್ದಬೇಕೆಂಬುದೂ ತಿಳಿಯುತ್ತದೆ.

ಇಲ್ಲಿ ಹೇಳುವುದೆಲ್ಲ ಪ್ರಯೋಗದ ಬಟ್ಟೆಯ ಮೇಲೆ ಮಾಡುವಂಥದ್ದು. ಹಳೆಯ ಕಾಟನ್ ಬೆಡ್‌ಶೀಟು, ಪಂಚೆ, ಇಲ್ಲವೇ ಕೋರಾ ಬಟ್ಟೆ ಸಾಕು. ಹೊಸದೇ ತರುವುದಾದರೆ ದಾವಣಗೆರೆ ಪೇಟೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಲೈನಿಂಗ್ ಬಟ್ಟೆ ಇಡುವ ಯಾವ ಅಂಗಡಿಯಲ್ಲೂ ಕಾಟನ್ ಸಿಗುತ್ತದೆ. ಜಾರುವ ಸಿಂಥೆಟಿಕ್ ಲೈನಿಂಗ್ ಮಾತ್ರ ಬೇಡ, ಅದರಲ್ಲಿ ಸುಕ್ಕು ನಿಜ ಹೇಳುವುದಿಲ್ಲ. ಪ್ರಯೋಗದ ಬಟ್ಟೆ ಕತ್ತರಿಸುವಾಗ ಸೊಂಟದ ಮೇಲೆ 1 ಇಂಚು, ಪಕ್ಕಗಳಲ್ಲಿ 1 ಇಂಚು ಹೆಚ್ಚು ಬಿಡಿ. ಸೀಟಿನ ಗೆರೆಯನ್ನು ಪೆನ್ನಿನಲ್ಲಿ ಸುತ್ತಲೂ ಎಳೆಯಿರಿ. ಮುಂದಿನ ತಪಾಸಣೆಯೆಲ್ಲ ಈ ಗೆರೆಯನ್ನೇ ನಂಬಿಕೊಂಡಿದೆ.

ಮೊದಲು ಹೋಲಿಸಿ ನೋಡಲು ಒಂದು ಸರಿಯಾದ ಲೆಕ್ಕ

ಸೊಂಟ 30, ಸೀಟು 39, ಸೊಂಟದಿಂದ ಸೀಟಿಗೆ ಇಳಿತ 8 ಇಂಚು ಎಂದಿಟ್ಟುಕೊಳ್ಳಿ. ನೇರ ಸ್ಕರ್ಟಿಗೆ ಸೀಟಿನಲ್ಲಿ 2 ಇಂಚು, ಸೊಂಟದಲ್ಲಿ 1 ಇಂಚು ಸಡಿಲ ಸೇರಿಸಿದರೆ 41 ಮತ್ತು 31. ಸೀಟಿನ ಗೆರೆಯಲ್ಲಿ ಮುಂಭಾಗದ ಅರ್ಧ ತುಂಡು 10¼, ಹಿಂಭಾಗದ್ದೂ 10¼. ಸೊಂಟದಲ್ಲಿ ಮುಂದೆ 8, ಹಿಂದೆ 7½. ಮುಂದಿನ ತುಂಡಿನಲ್ಲಿ ಉಳಿಯುವ 2¼ ಇಂಚಿನಲ್ಲಿ 1¼ ಪಕ್ಕದ ಬಾಗಿಗೆ, 1 ಇಂಚು ಡಾರ್ಟಿಗೆ (ಸೊಂಟದಿಂದ ಕೆಳಗೆ ಚೂಪಾಗುವಂತೆ ಹಿಡಿದು ಹೊಲಿಯುವ ಮಡಿಕೆ). ಹಿಂದಿನ ತುಂಡಿನಲ್ಲಿ ಉಳಿಯುವ 2¾ ಇಂಚಿನಲ್ಲಿ 1¼ ಪಕ್ಕಕ್ಕೆ, 1½ ಡಾರ್ಟಿಗೆ. ಪಕ್ಕದ ಬಾಗು ಎರಡೂ ಕಡೆ 1¼ ಇರುವುದು ಗಮನಿಸಿ. ಒಂದು ಕಡೆ 1 ಇಂಚು, ಇನ್ನೊಂದು ಕಡೆ 1¾ ಮಾಡಿದರೆ ಒಂದು ಬಾಗು ಇನ್ನೊಂದಕ್ಕಿಂತ ಉದ್ದವಾಗಿ ಹೊಲಿಗೆಯೇ ತಿರುಚುತ್ತದೆ.

ಮುಂದಿನ ಡಾರ್ಟಿನ ಉದ್ದ 3½ರಿಂದ 4 ಇಂಚು, ಹಿಂದಿನದು 5ರಿಂದ 5½. ಪಕ್ಕದಲ್ಲಿ ಸೊಂಟದ ಬಿಂದುವನ್ನು ½ ಇಂಚು ಮೇಲೆತ್ತಬೇಕು, ಹಿಂಭಾಗದ ನಡುಗೆರೆಯಲ್ಲಿ ½ ಇಂಚು ಇಳಿಸಬೇಕು. ಈ ಎರಡು ಅರೆಯಿಂಚುಗಳನ್ನು ಬಿಟ್ಟು ಸೊಂಟವನ್ನು ಸ್ಕೇಲಿಟ್ಟು ನೇರವಾಗಿ ಎಳೆದವರೇ ಹೆಚ್ಚು. ನಿಮ್ಮ ಕಾಗದದಲ್ಲೂ ಸೊಂಟ ಸ್ಕೇಲಿನಂತೆ ನೇರವಿದ್ದರೆ ಮುಂದೆ ಓದುವ ಮೊದಲೇ ಅದನ್ನು ತಿದ್ದಿಬಿಡಿ, ಅರ್ಧ ಸಮಸ್ಯೆ ಅಲ್ಲೇ ಹೋಗಬಹುದು.

ಅಳತೆಯೇ ತಪ್ಪಿದ್ದರೆ

ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಹಳೆಯ ಟೇಪು ಎಳೆದೆಳೆದು ಹಿಗ್ಗಿರುತ್ತದೆ. ಅಂಥ ಟೇಪು ಸೀಟನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಸ್ಕರ್ಟು ಬಿಗಿಯಾಗುತ್ತದೆ.

ಸೀರೆಯ ಮೇಲೆ ಅಳತೆ ತೆಗೆಯಬೇಡಿ. ನೆರಿಗೆ, ಒಳಲಂಗದ ಲಾಡಿ, ಸಿಕ್ಕಿಸಿದ ಬಟ್ಟೆ ಎಲ್ಲ ಸೇರಿ ಸೊಂಟ ದಪ್ಪ ತೋರುತ್ತದೆ. ಸ್ಕರ್ಟಿನ ಒಳಗೆ ಏನು ಹಾಕುತ್ತೀರೋ ಅದಷ್ಟರ ಮೇಲೇ ಅಳೆಯಿರಿ. ಸೊಂಟಕ್ಕೆ ಕಾಲಿಂಚಿನ ಎಲಾಸ್ಟಿಕ್ ಕಟ್ಟಿ, ನಾಲ್ಕಾರು ಬಾರಿ ಬಗ್ಗಿ ಎದ್ದರೆ ಅದು ತಾನಾಗಿ ನಿಜವಾದ ಸೊಂಟಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ಸೀಟು ಎಲ್ಲಿ ಅತಿ ದಪ್ಪವೋ ಅಲ್ಲಿಗೆ ಪಕ್ಕದಲ್ಲಿ ಇಳಿತ ಅಳೆಯಿರಿ. ಎಲ್ಲರಿಗೂ 8 ಇಂಚು ಎಂದು ಹಾಕುವುದು ರೂಢಿ. ಗಿಡ್ಡನೆಯವರಿಗೆ 7 ಇರಬಹುದು, ಎತ್ತರದವರಿಗೆ 9. ಹೊಟ್ಟೆ ಮುಂದಿದ್ದವರಿಗೆ ಟೇಪು ಹೊಟ್ಟೆಯನ್ನೂ ಸುತ್ತುವಂತೆ ಇನ್ನೊಂದು ಅಳತೆ ಬೇಕು. ಅದು ಸೀಟಿಗಿಂತ ಹೆಚ್ಚಿದ್ದರೆ ಅದನ್ನೇ ಸೀಟಿನ ಜಾಗದಲ್ಲಿ ಬಳಸಿ.

ಸುಕ್ಕು ಓದುವುದು

ಅಡ್ಡ ಸುಕ್ಕು ಬಿಗಿಯಾಗಿ ಎಳೆದಂತಿದ್ದರೆ ಆ ಜಾಗದಲ್ಲಿ ಅಗಲ ಸಾಲದು. ಅಡ್ಡ ಸುಕ್ಕು ಮೆತ್ತಗೆ ಮಡಿಕೆಯಂತೆ ಬಿದ್ದಿದ್ದರೆ ಅಲ್ಲಿ ಉದ್ದ ಹೆಚ್ಚಾಗಿದೆ. ಉದ್ದುದ್ದ ಮಡಿಕೆ ಬಿದ್ದರೆ ಅಗಲ ಹೆಚ್ಚು. ಓರೆ ಸುಕ್ಕು ಬಂದರೆ ಅದರ ತುದಿ ಹಿಡಿದು ಹೋಗಿ. ಬಟ್ಟೆಗೆ ಕೊರತೆಯಾದ ಜಾಗವನ್ನೇ ಅದು ತೋರಿಸುತ್ತಿರುತ್ತದೆ, ಹೆಚ್ಚಾಗಿ ಹೊಟ್ಟೆಯನ್ನೋ ಸೀಟನ್ನೋ.

ಹಿಂದೆ, ಸೊಂಟಪಟ್ಟಿಯ ಕೆಳಗೆ ಅಡ್ಡ ಮಡಿಕೆ

ಅತಿ ಹೆಚ್ಚು ಬರುವ ದೂರು ಇದು. ಅತಿ ಹೆಚ್ಚು ತಪ್ಪು ಚಿಕಿತ್ಸೆಯೂ ಇದಕ್ಕೇ. ಕಾರಣ ಎರಡು, ತಿದ್ದುವ ಬಗೆ ಪೂರ್ತಿ ಬೇರೆ.

ಮೊದಲನೆಯದು, ಸೀಟು ಬಿಗಿ. ಸೀಟಿನಲ್ಲಿ ಜಾಗವಿಲ್ಲದ ಸ್ಕರ್ಟು ತನಗೆ ಸಾಲುವಷ್ಟು ಸಣ್ಣ ಜಾಗ ಹುಡುಕಿಕೊಂಡು ಮೇಲೆ ಹತ್ತುತ್ತದೆ. ಹಾಗೆ ಹತ್ತಿದ ಬಟ್ಟೆ ಪಟ್ಟಿಯ ಕೆಳಗೆ ಗುಂಪಾಗುತ್ತದೆ. ಎರಡನೆಯದು, ಬೆನ್ನಿನ ಕೆಳಭಾಗ ಒಳಕ್ಕೆ ಬಾಗಿರುವ ಮೈಕಟ್ಟು. ಅಂಥವರಿಗೆ ಹಿಂದಿನ ನಡುಗೆರೆಯಲ್ಲಿ ½ ಇಂಚು ಇಳಿಸಿದ್ದು ಸಾಲುವುದಿಲ್ಲ.

ಎರಡರಲ್ಲಿ ಯಾವುದು ಎಂದು ತಿಳಿಯಲು ಪಕ್ಕದ ಹೊಲಿಗೆಗಳನ್ನು ಸೊಂಟದ ಕೆಳಗೆ 3 ಇಂಚಿನಿಂದ ಸೀಟಿನ ಗೆರೆ ದಾಟಿ ಎರಡು ಇಂಚಿನವರೆಗೆ ಬಿಚ್ಚಿ. ಸ್ಕರ್ಟನ್ನು ಕೈಯಿಂದ ಕೆಳಗೆ ಜಗ್ಗಿ ಬಿಡಿ. ಮಡಿಕೆ ಮಾಯವಾಗಿ ಬಿಚ್ಚಿದ ಜಾಗ ಬಾಯಿ ತೆರೆದರೆ ಸೀಟು ಬಿಗಿ. ಬಾಯಿ ಎಷ್ಟು ತೆರೆಯಿತೋ ಅಳೆಯಿರಿ. ಪ್ರತಿ ಪಕ್ಕದ ಆ ಅಳತೆಯಲ್ಲಿ ಅರ್ಧ ಮುಂದಿನ ತುಂಡಿಗೆ, ಅರ್ಧ ಹಿಂದಿನದಕ್ಕೆ ಸೇರಿಸಿ, ಕೆಳಗಿನ ಅಂಚಿನವರೆಗೂ ಸಮನಾಗಿ ಇಳಿಸಿ. ಬಿಚ್ಚಿದ ಮೇಲೂ ಮಡಿಕೆ ಹಾಗೇ ಉಳಿದರೆ ಅದು ಬೆನ್ನಿನ ಬಾಗು. ಮಡಿಕೆಯನ್ನು ಪಿನ್ನಿನಿಂದ ಹಿಡಿದು ಅದರ ಅಳತೆ ತೆಗೆದುಕೊಳ್ಳಿ, ಅಷ್ಟನ್ನು ಹಿಂದಿನ ನಡುಗೆರೆಯಲ್ಲಿ ಸೊಂಟದಿಂದ ಇಳಿಸಿ, ಪಕ್ಕದ ಹೊಲಿಗೆ ಬರುವಷ್ಟರಲ್ಲಿ ಸೊನ್ನೆಗೆ ತನ್ನಿ. ಡಾರ್ಟಿನ ತುದಿ ಇದ್ದ ಜಾಗದಲ್ಲೇ ಇರಬೇಕು, ಮೇಲಿನಿಂದ ಉದ್ದ ಕಡಿಮೆಯಾಗಬೇಕು.

ಸೀಟಿನ ಸಡಿಲ ಸರಿಯಿದೆಯೇ ಎಂದು ಬೇಗ ನೋಡುವುದಾದರೆ ಎರಡೂ ಪಕ್ಕದಲ್ಲಿ ಬಟ್ಟೆಯನ್ನು ಚಿವುಟಿ ಹಿಡಿಯಿರಿ. ಒಂದೊಂದು ಕಡೆ ½ ಇಂಚು ಆಳದ ಮಡಿಕೆ ಸಿಗಬೇಕು. ಮಡಿಕೆಯಲ್ಲಿ ಎರಡು ಪದರವಿರುವುದರಿಂದ ಎರಡೂ ಕಡೆ ಸೇರಿ 2 ಇಂಚಿನ ಲೆಕ್ಕ ಸರಿಹೋಗುತ್ತದೆ.

ಪಕ್ಕದ ಹೊಲಿಗೆ ನೇರ ಬೀಳುತ್ತಿಲ್ಲ

ದಾರಕ್ಕೆ ಒಂದು ಬೀಗದ ಕೈ ಕಟ್ಟಿ, ಮೇಲಿನ ತುದಿಯನ್ನು ಸೊಂಟದಲ್ಲಿ ಪಕ್ಕದ ಹೊಲಿಗೆಗೆ ಪಿನ್ ಮಾಡಿ. ಹೊಲಿಗೆ ದಾರದ ಹಿಂದೆಯೇ ಬೀಳಬೇಕು. ಕೆಳಗೆ ಹೊಲಿಗೆ ಮುಂದಕ್ಕೆ ಸರಿದಿದ್ದರೆ ಮುಂಭಾಗಕ್ಕೆ ಉದ್ದ ಸಾಲುತ್ತಿಲ್ಲ, ಹೊಟ್ಟೆ ಬಟ್ಟೆಯನ್ನು ತಿಂದಿದೆ. ಅಂಚೂ ಮುಂದೆ ಎತ್ತಿಕೊಂಡಿರುತ್ತದೆ. ಹಿಂದಕ್ಕೆ ಸರಿದಿದ್ದರೆ ಸೀಟು ತಿಂದಿದೆ.

ಈಗ ಪೆನ್ನಿನಲ್ಲಿ ಎಳೆದ ಸೀಟಿನ ಗೆರೆ ಕೆಲಸಕ್ಕೆ ಬರುತ್ತದೆ. ಸೊಂಟಪಟ್ಟಿಯಿಲ್ಲದೆ, ಪ್ರಯೋಗದ ಬಟ್ಟೆಯನ್ನು ಎಲಾಸ್ಟಿಕ್ಕಿನಿಂದ ಸೊಂಟಕ್ಕೆ ಕಟ್ಟಿ. ಗೆರೆ ನೆಲಕ್ಕೆ ಸಮಾನಾಂತರವಾಗಿ ಬರುವವರೆಗೆ ಎಲಾಸ್ಟಿಕ್ಕಿನ ಕೆಳಗಿಂದ ಬಟ್ಟೆಯನ್ನು ಮೇಲೆ ಎಳೆಯಿರಿ, ಇಲ್ಲವೇ ಕೆಳಗೆ ಬಿಡಿ. ಇನ್ನೊಬ್ಬರ ಸಹಾಯವಿದ್ದರೆ ಒಳ್ಳೆಯದು. ಒಬ್ಬರೇ ಬಗ್ಗಿ ನೋಡಿದ ಕೂಡಲೇ ಗೆರೆ ಬದಲಾಗುತ್ತದೆ. ಗೆರೆ ಸಮನಾದ ಮೇಲೆ ಎಲಾಸ್ಟಿಕ್ ಗುಂಟ ಚಾಕ್‌ನಿಂದ ಗುರುತು ಹಾಕಿ. ಅದೇ ನಿಮ್ಮ ಹೊಸ ಸೊಂಟದ ಗೆರೆ. ಹೊಟ್ಟೆಯಿದ್ದವರಿಗೆ ಮುಂದಿನ ನಡುಗೆರೆ ½ ಇಂಚಿಗಿಂತಲೂ ಮೇಲೆ ಬರಬಹುದು, ಮೇಲೆ ಬಿಟ್ಟ 1 ಇಂಚು ಇದಕ್ಕೇ. ಚಪ್ಪಟೆ ಸೀಟಿದ್ದವರಿಗೆ ಹಿಂದೆ ಗೆರೆ ಕೆಳಗೆ ಜೋತಿರುತ್ತದೆ. ಅಲ್ಲಿ ಎತ್ತಿ, ಹಿಂದಿನ ಡಾರ್ಟನ್ನೂ ¼ ಇಂಚು ಸಣ್ಣದು ಮಾಡಿ.

ಅಂಚನ್ನು ಮಡಿಚಿ ಸಮ ಮಾಡಿದರೆ ಈ ದೋಷ ಮುಚ್ಚಿಹೋಗುತ್ತದೆಯೇ ಹೊರತು ಸರಿಹೋಗುವುದಿಲ್ಲ. ನಡೆಯುವಾಗ ಸ್ಕರ್ಟು ಮತ್ತೆ ತಿರುಗುತ್ತದೆ.

ಡಾರ್ಟಿನ ತುದಿಯಲ್ಲಿ ಗುಳ್ಳೆ

ಒಂದೇ ಡಾರ್ಟಿಗೆ 1½ ಇಂಚಿಗಿಂತ ಹೆಚ್ಚು ತುಂಬಿದರೆ ಎಷ್ಟು ಚೆನ್ನಾಗಿ ಹೊಲಿದರೂ ತುದಿ ಉಬ್ಬುತ್ತದೆ. ಎರಡಾಗಿ ಒಡೆಯಿರಿ. ಅರ್ಧರ್ಧ ಹಂಚಿದ ಎರಡು ಡಾರ್ಟು, ನಡುವಿನದು 5½ ಉದ್ದ, ಪಕ್ಕದ ಕಡೆಯದು 5. ಡಾರ್ಟು ಅಷ್ಟು ದೊಡ್ಡದಿಲ್ಲದೆಯೂ ಗುಳ್ಳೆ ಬಂದರೆ ಹೊಲಿಗೆ ನೋಡಿ. ತುದಿಯ ಕೊನೆಯ ಮೂರು ನಾಲ್ಕು ಹೊಲಿಗೆ ಮಡಿಕೆಯ ಅಂಚಿನ ಮೇಲೇ ಓಡಿ ಹೊರಬೀಳಬೇಕು. ಅಲ್ಲಿ ಮೆಷಿನ್ ಹಿಂದೆ ಮುಂದೆ ಓಡಿಸಬೇಡಿ, ದಾರ ಬಿಟ್ಟು ಕೈಯಲ್ಲಿ ಗಂಟು ಹಾಕಿ. ಡಾರ್ಟನ್ನು ದುಂಡಗೆ ಸುತ್ತಿದ ಟವೆಲಿನ ಮೇಲಿಟ್ಟು ಇಸ್ತ್ರಿ ಮಾಡಿ. ಮೇಜಿನ ಮೇಲೆ ಚಪ್ಪಟೆಯಾಗಿ ತಿಕ್ಕಿದರೆ ಡಾರ್ಟು ಕೊಟ್ಟ ದುಂಡು ಆಕಾರವೇ ಹೋಗುತ್ತದೆ.

ಮುಂದಿನ ಡಾರ್ಟು ಹೊಟ್ಟೆಯ ಅತಿ ಉಬ್ಬಿದ ಜಾಗ ದಾಟಿ ಕೆಳಗೆ ಹೋದರೆ ಬಟ್ಟೆ ಹೊಟ್ಟೆಯ ಕೆಳಗೆ ಒಳಕ್ಕೆ ಎಳೆಯುತ್ತದೆ. 3 ಇಂಚಿಗೆ ನಿಲ್ಲಿಸಿ.

ಡಾರ್ಟು ಹೊಲಿದ ಮೇಲೆ ಸೊಂಟದ ಗೆರೆ ಆ ಜಾಗದಲ್ಲಿ ತಗ್ಗಿದರೆ, ಕಾಗದದಲ್ಲಿ ಡಾರ್ಟನ್ನು ಮಡಿಚದೆ ಸೊಂಟ ಕತ್ತರಿಸಿದ್ದೀರಿ ಎಂದರ್ಥ. ಕಾಗದದ ಡಾರ್ಟನ್ನು ನಡುಗೆರೆಯ ಕಡೆಗೆ ಮಡಿಚಿ, ಪಿನ್ ಹಾಕಿ, ಆಮೇಲೆ ಸೊಂಟದ ಬಾಗು ಎಳೆದು ಕತ್ತರಿಸಿ. ಬಿಚ್ಚಿದಾಗ ಡಾರ್ಟಿನ ಬಾಯಲ್ಲಿ ಒಂದು ಸಣ್ಣ ಮೂಲೆ ಎದ್ದಿರುತ್ತದೆ. ಅದನ್ನು ತಪ್ಪೆಂದು ತಿಳಿದು ಸವರಿಬಿಡಬೇಡಿ.

ಪಕ್ಕದಲ್ಲಿ ಕಿವಿಯಂತೆ ಉಬ್ಬು

ಇಳಿತ 9 ಇರುವವರಿಗೆ 7 ಹಾಕಿದರೆ ಸ್ಕರ್ಟಿನ ಅಗಲ ಮೈಗಿಂತ 2 ಇಂಚು ಮೇಲೆಯೇ ತೆರೆದುಕೊಳ್ಳುತ್ತದೆ, ಪಕ್ಕಗಳಲ್ಲಿ ಬಟ್ಟೆ ಖಾಲಿ ನಿಲ್ಲುತ್ತದೆ. ಇಳಿತ ಸರಿಯಿದ್ದೂ ಉಬ್ಬು ಬಂದರೆ ಪಕ್ಕದ ಬಾಗು ಜಾಸ್ತಿ ದುಂಡಗಿದೆ. ಸೊಂಟ ಸಣ್ಣ, ಸೀಟು ದೊಡ್ಡದು ಇದ್ದವರ ಕಾಗದದಲ್ಲಿ ಪಕ್ಕಕ್ಕೆ 2 ಇಂಚು ತಳ್ಳಿದ್ದು ಕಾಣುತ್ತದೆ. ಪಕ್ಕವನ್ನು 1¼ಕ್ಕೆ ಇಳಿಸಿ, ಉಳಿದದ್ದನ್ನು ಹಿಂದಿನ ಡಾರ್ಟುಗಳಿಗೆ ಹಂಚಿ. ಗೆರೆ ಸೀಟನ್ನು ಮುಟ್ಟುವಲ್ಲಿ ಮೂಲೆಯಾಗದೆ, ಕೊನೆಯ 1 ಇಂಚು ನೇರವಾಗಿ ಸೇರಬೇಕು.

ಸೊಂಟಪಟ್ಟಿಗೆ ಸ್ಕರ್ಟು ಕೂಡುತ್ತಿಲ್ಲ

ಮೇಲಿನ ಲೆಕ್ಕದಲ್ಲಿ ಡಾರ್ಟು ಹೊಲಿದ ಸೊಂಟ 31, ಮುಗಿದ ಪಟ್ಟಿ 30½. ಅರ್ಧ ಇಂಚು ಒಳಗೆ ತುಂಬಿಕೊಳ್ಳಬೇಕು, ಅದು ತಪ್ಪಲ್ಲ. ಅದಕ್ಕಿಂತ ಹೆಚ್ಚಿದ್ದರೆ ಸೊಂಟದ ಬಾಗು ಹೊಲಿಯುವಾಗ ಹಿಗ್ಗಿದೆ. ಬಾಗಿದ ಅಂಚು ಕ್ರಾಸ್ ಎಳೆಯ (ನೇಯ್ಗೆಗೆ ಓರೆಯಾದ ದಿಕ್ಕು) ಮೇಲಿರುವುದರಿಂದ ಕೈ ತಾಗಿದರೂ ಹಿಗ್ಗುತ್ತದೆ. ಕತ್ತರಿಸಿದ ಕೂಡಲೇ ಅಂಚಿನಿಂದ ⅜ ಇಂಚು ಒಳಗೆ, ಪಕ್ಕದಿಂದ ನಡುವಿನ ಕಡೆಗೆ ಒಂದು ಸಾಲು ಹೊಲಿಗೆ ಹಾಕಿಬಿಡಿ. ಪಟ್ಟಿಗೆ ಒಳಗಿನಿಂದ ಗಟ್ಟಿ ಕ್ಯಾನ್ವಾಸ್ ಹಚ್ಚದೆ ಹೋದರೆ ಅದೂ ಒಗೆದಂತೆಲ್ಲ ಹಿಗ್ಗುತ್ತದೆ.

ಅಂಬ್ರೆಲಾದಲ್ಲಿ ಸೊಂಟ ಎರಡು ಮೂರು ಇಂಚು ದೊಡ್ಡದಾಯಿತು

ಇಲ್ಲಿ ಸಣ್ಣ ತಪ್ಪು ಆರು ಪಟ್ಟು ಬೆಳೆಯುತ್ತದೆ. ಪೂರ್ಣ ವೃತ್ತದ ಸ್ಕರ್ಟಿಗೆ ಒಳವೃತ್ತದ ತ್ರಿಜ್ಯ ಸೊಂಟವನ್ನು 6.28ರಿಂದ ಭಾಗಿಸಿದಷ್ಟು, ಅರ್ಧ ವೃತ್ತಕ್ಕೆ 3.14ರಿಂದ, ಕಾಲು ವೃತ್ತಕ್ಕೆ 1.57ರಿಂದ. ಸೊಂಟ 28 ಇದ್ದರೆ ಸುಮಾರು 4½, 9, 17¾ ಇಂಚು.

ತಪ್ಪುವುದು ಮೂರು ಕಡೆ. ಒಂದು, ಹೊಲಿಗೆಯ ಅರ್ಧ ಇಂಚನ್ನು ಕಳೆಯದಿರುವುದು. 4½ಕ್ಕೇ ಕತ್ತರಿಸಿ ½ ಇಂಚು ಒಳಗೆ ಹೊಲಿದರೆ ಹೊಲಿಗೆ ಬೀಳುವುದು 5ರ ಮೇಲೆ. ಸೊಂಟ 31 ಇಂಚು ದಾಟುತ್ತದೆ! ಕತ್ತರಿ ಹಾಕಬೇಕಾದದ್ದು 4ರಲ್ಲಿ. ಎರಡು, 6ರಿಂದ ಭಾಗಿಸುವ ಬಾಯಿಲೆಕ್ಕ. 28ಕ್ಕೆ ಅದು 4⅔ ಬರುತ್ತದೆ, ಸೊಂಟ 29¼ ದಾಟುತ್ತದೆ. ಲಾಡಿಯ ಲಂಗಕ್ಕೆ ನಡೆಯುತ್ತದೆ, ಹುಕ್ಕಿನ ಪಟ್ಟಿಗೆ ನಡೆಯುವುದಿಲ್ಲ. ಮೂರು, ಬಟ್ಟೆ ನಾಲ್ಕು ಮಡಿಕೆ ಮಾಡಿ ಸೊಂಟದ ಕಾಲು ಭಾಗವನ್ನೇ ಮೂಲೆಯಿಂದ ತ್ರಿಜ್ಯವಾಗಿ ಇಡುವುದು. 28ಕ್ಕೆ 7 ಇಟ್ಟರೆ ಸೊಂಟ 44 ಆಗುತ್ತದೆ. ಕಾಲು ಭಾಗವೆಂಬುದು ಬಾಗಿನ ಗುಂಟ ಅಳೆಯಬೇಕಾದ ಲೆಕ್ಕ.

ಬಟ್ಟೆ ಕೊಳ್ಳುವ ಮೊದಲು ಪನ್ನ, ಅಂದರೆ ಬಟ್ಟೆಯ ಅಗಲ, ನೋಡಿಕೊಳ್ಳಿ. 36 ಉದ್ದದ ಪೂರ್ಣ ವೃತ್ತವನ್ನು ಎರಡು ಅರ್ಧಗಳಾಗಿ 44 ಪನ್ನದಲ್ಲಿ ತೆಗೆಯಬಹುದು, ನಾಲ್ಕೂವರೆ ಮೀಟರ್ ಬೇಕು. ಅದೇ ಉದ್ದದ ಅರ್ಧ ವೃತ್ತಕ್ಕೆ ಬಟ್ಟೆ ಕಡಿಮೆ ಸಾಕೆಂದು 44ರದ್ದೇ ತಂದರೆ ಆಗುವುದಿಲ್ಲ. 9 ಮತ್ತು 36 ಸೇರಿ 45 ಇಂಚಾಗುತ್ತದೆ, ಅಂಚು ಮಡಿಚಲು ಬೇರೆ ಬೇಕು. 58 ಪನ್ನದ್ದೇ ತನ್ನಿ.

ಅಂಚು ಅಲೆಯಲೆಯಾಗಿ ಕೆಲವೆಡೆ ಜೋತರೆ ಅದು ಕಾಗದದ ತಪ್ಪಲ್ಲ. ಕ್ರಾಸ್ ಬಿದ್ದ ಭಾಗ ತನ್ನ ಭಾರಕ್ಕೆ ಇಳಿಯುತ್ತದೆ. ಪಟ್ಟಿ ಹಚ್ಚಿದ ಮೇಲೆ ಒಂದು ರಾತ್ರಿಯಾದರೂ ನೇತುಹಾಕಿ, ಆಮೇಲೆ ಹಾಕಿಕೊಂಡು ನಿಂತು ನೆಲದಿಂದ ಸ್ಕೇಲಿಟ್ಟು ಸುತ್ತ ಗುರುತು ಹಾಕಿಸಿ ಕತ್ತರಿಸಿ. ರೇಯಾನ್ ಆದರೆ ಎರಡು ರಾತ್ರಿ.

ಆರು ಪೀಸಿನ ಲಂಗ

ಹನ್ನೆರಡು ಅಂಚು ಹೊಲಿಯುತ್ತೀರಿ. ಪ್ರತಿ ಅಂಚಿನಲ್ಲಿ ⅛ ಇಂಚು ಜರುಗಿದರೂ ಸೊಂಟದಲ್ಲಿ 1½ ಇಂಚು ಹೋಯಿತು. ಅಂದಾಜಿನಲ್ಲಿ ಹೊಲಿಯದೆ ಹೊಲಿಗೆಯ ಗೆರೆಯನ್ನೇ ಚಾಕ್‌ನಿಂದ ಎಳೆಯಿರಿ. ಅಂಚಿನಲ್ಲಿ ಪ್ರತಿ ಜೋಡಣೆಯಲ್ಲೂ ಮೂಲೆ ಇಳಿದರೆ ಪೀಸಿನ ತಳವನ್ನು ನೇರ ಕತ್ತರಿಸಿದ್ದೀರಿ. 36 ಉದ್ದದ ಪೀಸು ಒಂದು ಬದಿಗೆ 9 ಇಂಚು ಅರಳಿದ್ದರೆ ಓರೆ ಅಂಚು ನಡುವಿಗಿಂತ 1 ಇಂಚಿಗೂ ಹೆಚ್ಚು ಉದ್ದವಿರುತ್ತದೆ. ಸೊಂಟದಿಂದ ಓರೆ ಗೆರೆಯ ಮೇಲೂ 36 ಅಳೆದು ಗುರುತಿಟ್ಟು, ತಳವನ್ನು ಬಾಗಿಸಿ ಸೇರಿಸಿ.

ಜರಿ ಅಂಚಿನ ಸೀರೆಯಿಂದ ಮಾಡಿದ ಲಂಗ

ಮೊಳಕಾಲ್ಮೂರು ರೇಷ್ಮೆಯಂಥ ಹಳೆಯ ಸೀರೆಯನ್ನು ಲಂಗ ಮಾಡುವಾಗ ಮೇಲಿನ ಅರ್ಧ ಚಿಕಿತ್ಸೆಗಳು ನಡೆಯುವುದಿಲ್ಲ. ಅಂಚು ನೇರ ನೇಯ್ದದ್ದು, ಅದನ್ನು ಬಾಗಿಸಲೂ ಆಗದು, ಕೆಳಗಿನಿಂದ ಕತ್ತರಿಸಲೂ ಆಗದು. ಆದ್ದರಿಂದ ನೆರಿಗೆಯೇ ಗತಿ, ತಿದ್ದುಪಡಿಯೆಲ್ಲ ಮೇಲಿನಿಂದ. ಸೀಟಿನ ಮೇಲೆ ಹತ್ತಿ ಹಿಂದೆ ಅಂಚು ¾ ಇಂಚು ಮೇಲೆದ್ದರೆ, ಮುಂದೆ ಅಷ್ಟೇ ಬಟ್ಟೆಯನ್ನು ಪಟ್ಟಿಯೊಳಗೆ ಹೆಚ್ಚು ತೂರಿಸಿ, ಪಕ್ಕಕ್ಕೆ ಬರುತ್ತಾ ಕಡಿಮೆ ಮಾಡಿ. ಇದಕ್ಕಾಗಿ ಮೊದಲೇ ಉದ್ದದಲ್ಲಿ 1½ ಇಂಚು ಹೆಚ್ಚು ಇಟ್ಟುಕೊಂಡಿರಬೇಕು.

ಒಂದರ ಬೆನ್ನಿಗೊಂದು ಬರುವ ಚಪ್ಪಟೆ ನೆರಿಗೆಗೆ ಸೊಂಟದ ಮೂರು ಪಟ್ಟು ಬಟ್ಟೆ ಬೇಕು, 28ಕ್ಕೆ 84 ಇಂಚು. ಒಂದೊಂದು ಇಂಚಿನ 28 ನೆರಿಗೆಯಲ್ಲಿ ಪ್ರತಿಯೊಂದೂ 1⁄16 ಇಂಚು ದಪ್ಪವಾದರೆ ಸೊಂಟ 1¾ ಇಂಚು ಬೆಳೆಯುತ್ತದೆ. ಎಲ್ಲ ನೆರಿಗೆಗಳನ್ನು ಬಿಚ್ಚಬೇಡಿ, ಹಿಂಭಾಗದ ಐದಾರು ನೆರಿಗೆಗಳನ್ನು ಸ್ವಲ್ಪ ಸ್ವಲ್ಪ ಒಳಗೆ ಸರಿಸಿ. ಸೀರೆಯ ಹಳೆಯ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಎಳೆ ಒಡೆದಿದ್ದರೆ ಆ ಜಾಗ ನೆರಿಗೆಯ ಒಳಕ್ಕೆ ಹೋಗುವಂತೆ ಹೊಂದಿಸಿ.

ಒಗೆದ ಮೇಲೆ ತಿರುಚಿತು, ಗಿಡ್ಡವಾಯಿತು

ಬಟ್ಟೆಯ ತುದಿಯಲ್ಲಿ ಒಂದು ಅಡ್ಡ ಎಳೆಯನ್ನು ಪೂರ್ತಿ ಎಳೆದು ತೆಗೆಯಿರಿ. ಆ ಗೆರೆ ಕಿನಾರೆಗೆ (ಬಟ್ಟೆಯ ಉದ್ದಕ್ಕೂ ಇರುವ ನೇಯ್ದ ಅಂಚು) ನೇರ ಕೋನದಲ್ಲಿ ಬರದಿದ್ದರೆ ಬಟ್ಟೆ ಓರೆಯಾಗಿದೆ. ಒದ್ದೆ ಮಾಡಿ, ಗಿಡ್ಡವಾದ ಮೂಲೆಗಳನ್ನು ಇಬ್ಬರು ಹಿಡಿದು ಎಳೆದು ಸರಿ ಮಾಡಿ. ಪ್ರಿಂಟೇ ಓರೆ ಕೂತಿದ್ದರೆ ಪರಿಹಾರವಿಲ್ಲ. ಚೌಕಳಿ ಬಟ್ಟೆಯಾದರೆ ಕೊಳ್ಳುವಾಗಲೇ ಮಡಿಚಿ ನೋಡಿಕೊಳ್ಳಿ.

ಕುಗ್ಗುವುದನ್ನು ತಿಳಿಯಲು ಬಟ್ಟೆಯ ಮೂಲೆಯಲ್ಲಿ 10 ಇಂಚಿನ ಚೌಕ ದಾರದಿಂದ ಗುರುತಿಸಿ, ಮುಂದೆ ಯಾವ ನೀರಿನಲ್ಲಿ ಒಗೆಯುತ್ತೀರೋ ಅದರಲ್ಲೇ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. 9½ ಬಂದರೆ ಶೇಕಡಾ 5 ಕುಗ್ಗಿದೆ, 38 ಉದ್ದ ಬೇಕಿದ್ದರೆ 40 ಕತ್ತರಿಸಬೇಕಾಗುತ್ತದೆ. ಲೆಕ್ಕಕ್ಕಿಂತ ಇಡೀ ಬಟ್ಟೆಯನ್ನೇ ನೆನೆಸಿ ಒಣಗಿಸಿಕೊಳ್ಳುವುದು ಸುಲಭ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೆನೆಸಿದ ಕಪ್ಪು, ನೀಲಿ ಬಟ್ಟೆಯ ಮೇಲೆ ಬಿಳಿ ಛಾಯೆ ಉಳಿಯುತ್ತದೆ, ಕೊನೆಯ ಜಾಲಿಸುವಿಕೆಗಾದರೂ ನಲ್ಲಿ ನೀರು ಬಳಸಿ.

ಒಳ್ಳೆಯ ಬಟ್ಟೆಯನ್ನೇ ಕತ್ತರಿಸಿ ಆಗಿದೆ ಎಂದರೆ

ಬೆನ್ನಿನ ಬಾಗಿನಿಂದ ಬಂದ ಹಿಂದಿನ ಅಡ್ಡ ಮಡಿಕೆ, ಡಾರ್ಟಿನ ಗುಳ್ಳೆ, ಪಕ್ಕದ ಉಬ್ಬು ಇವು ಮೂರೂ ಬಟ್ಟೆ ಕಡಿಮೆ ಮಾಡಿ ಸರಿಹೋಗುವ ದೋಷಗಳು, ಹೆದರಬೇಕಿಲ್ಲ. ಸೀಟು ಬಿಗಿಯಾಗಿದ್ದರೆ ಎರಡೂ ಪಕ್ಕಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಬೇರೆ ಬಣ್ಣದ 1½ ಇಂಚಿನ ಪಟ್ಟಿ ಕೂಡಿಸಿ. ಸೊಂಟದಲ್ಲಿ ಅದು ಹೆಚ್ಚಾದರೆ ಪಟ್ಟಿಯನ್ನೇ ಮೇಲೆ ಕಿರಿದು ಮಾಡಿ. ಅಂಬ್ರೆಲಾದ ಸೊಂಟ ದೊಡ್ಡದಾಗಿದ್ದರೆ ಹಿಂದಿನ ಅರ್ಧಕ್ಕೆ ಎಲಾಸ್ಟಿಕ್ ಹಾಕಿ, ಮುಂದೆ ಚಪ್ಪಟೆ ಪಟ್ಟಿ ಉಳಿಸಿಕೊಳ್ಳಿ. ಮುಂಭಾಗ ಗಿಡ್ಡವಾಗಿರುವುದೊಂದೇ ಕಷ್ಟದ್ದು, ಇಲ್ಲದ ಬಟ್ಟೆ ಎಲ್ಲಿಂದ ಬರಬೇಕು? ಸೀಟಿನ ಗೆರೆಗಿಂತ 4 ಇಂಚು ಮೇಲೆ ಸ್ಕರ್ಟನ್ನು ಅಡ್ಡಕ್ಕೆ ಕತ್ತರಿಸಿ, ಮೇಲಿನ ಭಾಗವನ್ನು ತೆಗೆದುಹಾಕಿ, ತಿದ್ದಿದ ಕಾಗದದಿಂದ ಹೊಸ ಯೋಕ್ (ಸೊಂಟದ ಕೆಳಗಿನ ಪ್ರತ್ಯೇಕ ಮೇಲ್ಭಾಗ) ಕತ್ತರಿಸಿ ಹಚ್ಚಬೇಕು. ಅದಕ್ಕೆ 44 ಪನ್ನದಲ್ಲಿ ಕಾಲು ಮೀಟರ್ ಬಟ್ಟೆ ಸಾಕು.